ಪ್ಯಾಕ್ಸ್ ಫ್ಲ್ಯಾಗ್ ಹಾಕುವ ಶೆಲ್ ಸ್ಕ್ರಿಪ್ಟ್: ನನ್ನ ಅನುಭವ

ಪ್ಯಾಕ್ಸ್ ಎಂದರೆ ಪ್ರೋಗ್ರಾಂಗಳ ಮೆಮೊರಿಯನ್ನು ದುರ್ಬಳಕೆಯಿಂದ ಕಾಯಲು ಲಿನಕ್ಸ್ ಕರ್ನಲ್‌ಗೆ ಸೇರಿಸುವ ಭದ್ರತಾ ಪ್ಯಾಚ್. ಅದು ಇರುವ ಕರ್ನಲ್‌ನಲ್ಲಿ ಮೊದಲು ಮುಗ್ಗರಿಸುವುದು ಜಾವಾ, ನೋಡ್, ಬ್ರೌಸರ್‌ನಂಥ ಪ್ರೋಗ್ರಾಂಗಳು. ಓಡುತ್ತಿರುವಾಗಲೇ ಮೆಮೊರಿಯಲ್ಲಿ ಕೋಡ್ ಬರೆದು, ಬರೆದ ಜಾಗದಿಂದಲೇ ಅದನ್ನು ಓಡಿಸುವ ಜಿಟ್ ಕಂಪೈಲರ್ ಇವುಗಳ ಒಳಗಿದೆ. ಬರೆಯಬಹುದಾದ ಪುಟ ಓಡಬಾರದು, ಓಡುವ ಪುಟಕ್ಕೆ ಬರೆಯಬಾರದು ಎಂಬುದು ಪ್ಯಾಕ್ಸ್‌ನ ಎಂಪ್ರೊಟೆಕ್ಟ್ ನಿಯಮ. ಜಿಟ್‌ಗೂ ಈ ನಿಯಮಕ್ಕೂ ಹೊಂದುವುದಿಲ್ಲ. ಹಾಗಾಗಿ ಬೆರಳೆಣಿಕೆಯ ಫೈಲ್‌ಗಳಿಗೆ ವಿನಾಯಿತಿಯ ಫ್ಲ್ಯಾಗ್ ಹಾಕಲೇಬೇಕಾಗುತ್ತದೆ. ಒಂದು ಫೈಲಿಗೆ ಹಾಕುವುದು ಒಂದು ಸಾಲಿನ ಕೆಲಸ. ಆದರೆ ಅದು ಸರಿಯಾದ ಫೈಲಿನ ಮೇಲೆ, ಬೇಕಾದಷ್ಟೇ ಇದ್ದು, ಅಪ್‌ಡೇಟ್ ಆದ ಮೇಲೂ ಉಳಿಯಬೇಕು. ಸ್ಕ್ರಿಪ್ಟ್ ಬರೆದದ್ದು ಇದಕ್ಕಾಗಿ.

ಫ್ಲ್ಯಾಗ್ ಐದು ಅಕ್ಷರದ ಲೆಕ್ಕ: ಪಿ ಎಂದರೆ ಪೇಜ್‌ಎಕ್ಸೆಕ್ (ಓಡಬಾರದ ಪುಟ ಓಡದಂತೆ ತಡೆಯುವುದು), ಇ ಎಂದರೆ ಎಮ್ಯುಟ್ರ್ಯಾಂಪ್ (ಟ್ರ್ಯಾಂಪೊಲಿನ್ ಎಂಬ ಕೋಡ್ ತುಣುಕನ್ನು ಕರ್ನಲ್ಲೇ ಅನುಕರಿಸುವುದು), ಎಂ ಎಂದರೆ ಎಂಪ್ರೊಟೆಕ್ಟ್, ಆರ್ ಎಂದರೆ ರ‍್ಯಾಂಡ್‌ಎಂಮ್ಯಾಪ್ (ವಿಳಾಸಗಳ ಯಾದೃಚ್ಛಿಕ ಹಂಚಿಕೆ), ಎಸ್ ಎಂದರೆ ಸೆಗ್ಮೆಕ್ಸೆಕ್ (ಪೇಜ್‌ಎಕ್ಸೆಕ್‌ನ ಕೆಲಸವನ್ನೇ ಇನ್ನೊಂದು ವಿಧಾನದಲ್ಲಿ ಮಾಡುವುದು). ಇಂಗ್ಲಿಷಿನ ದೊಡ್ಡಕ್ಷರ ಹಾಕಿದರೆ ಆ ಸೌಲಭ್ಯ ಆನ್, ಸಣ್ಣಕ್ಷರ ಹಾಕಿದರೆ ಆಫ್. ಸೆಗ್ಮೆಕ್ಸೆಕ್ 32 ಬಿಟ್ ಎಕ್ಸ್86ಗೆ ಮಾತ್ರ ಸಂಬಂಧಿಸಿದ್ದು. ಜಿಟ್ ಇರುವ ಪ್ರೋಗ್ರಾಂಗೆ ಸಾಮಾನ್ಯವಾಗಿ ಸಣ್ಣ ಎಂ ಒಂದೇ ಸಾಕು. ಐದನ್ನೂ ಸಣ್ಣಕ್ಷರದಲ್ಲಿ ಹಾಕಿ ಕೈತೊಳೆದುಕೊಳ್ಳುವುದು ತೀರಾ ತಪ್ಪು ಅಭ್ಯಾಸ. ಹಾಗೆ ಮಾಡಿದರೆ ವಿಳಾಸಗಳ ಯಾದೃಚ್ಛಿಕ ಹಂಚಿಕೆಯೂ ಕಾರಣವಿಲ್ಲದೆ ಹೋಗುತ್ತದೆ.

ಯಾವ ಅಕ್ಷರ ಬೇಕೆಂದು ಊಹಿಸುವ ಬದಲು ಕರ್ನಲ್ ಲಾಗ್ ಓದುವುದೇ ಸರಿ. ‘ಎಕ್ಸಿಕ್ಯೂಷನ್ ಅಟೆಂಪ್ಟ್ ಇನ್’ ಎಂಬ ಸಾಲು ಬಂದು ಪ್ರೋಗ್ರಾಂ ಸತ್ತಿದ್ದರೆ, ಓಡಬಾರದ ಪುಟದಲ್ಲಿ ಅದು ಕಾಲಿಟ್ಟಿದೆ ಎಂದರ್ಥ. ಆ ಪುಟ ಸ್ಟ್ಯಾಕ್ ಆಗಿದ್ದರೆ ಹೆಚ್ಚಾಗಿ ಜಿಸಿಸಿ ಕಂಪೈಲರ್ ತಯಾರಿಸುವ ಟ್ರ್ಯಾಂಪೊಲಿನ್ (ಸ್ಟ್ಯಾಕ್ ಮೇಲಿಟ್ಟು ಓಡಿಸುವ ಪುಟ್ಟ ಕೋಡ್ ತುಣುಕು) ಕಾರಣ. ಅದಕ್ಕೆ ಮೊದಲು ದೊಡ್ಡ ಇ ಹಾಕಿ ನೋಡುತ್ತೇನೆ. ಯಾವ ರಕ್ಷಣೆಯನ್ನೂ ಆಫ್ ಮಾಡದೆ ಕೆಲಸ ನಡೆದರೆ ಅದಕ್ಕಿಂತ ಒಳ್ಳೆಯದಿಲ್ಲ. ಇದಕ್ಕೆ ಕರ್ನಲ್ ಕಟ್ಟುವಾಗಲೇ ಎಮ್ಯುಟ್ರ್ಯಾಂಪ್ ಆಯ್ಕೆ ಆನ್ ಆಗಿರಬೇಕು. ಬದಲಿಗೆ ಮೆಮೊರಿ ಕೇಳುವ ಎಂಮ್ಯಾಪ್ ಅಥವಾ ಅದರ ಅನುಮತಿ ಬದಲಿಸುವ ಎಂಪ್ರೊಟೆಕ್ಟ್ ಎಂಬ ಸಿಸ್ಟಂ ಕರೆಯನ್ನು ನಿರಾಕರಿಸಿದ ಸಾಲು ಕಂಡರೆ ಸಣ್ಣ ಎಂ ಬೇಕು.

ಫ್ಲ್ಯಾಗ್ ಇಡಲು ಎರಡು ಜಾಗಗಳಿವೆ. ಪ್ಯಾಕ್ಸ್‌ಸಿಟಿಎಲ್ ಎಂಬ ಕಮಾಂಡ್ ಅದನ್ನು ಎಲ್ಫ್ (ಲಿನಕ್ಸ್‌ನ ಬೈನರಿ ಪ್ರೋಗ್ರಾಂಗಳ ರೂಪ) ಫೈಲಿನ ಪ್ರೋಗ್ರಾಂ ಹೆಡರ್ ಒಳಗೆ ಬರೆಯುತ್ತದೆ. ಹೆಡರ್‌ನಲ್ಲಿ ಜಾಗ ಇಲ್ಲದಿದ್ದರೆ ಸಣ್ಣ ಸಿ ಆಯ್ಕೆ ಗ್ನೂ ಸ್ಟ್ಯಾಕ್ ಹೆಡರನ್ನೇ ಪ್ಯಾಕ್ಸ್ ಹೆಡರ್ ಆಗಿ ಬದಲಿಸುತ್ತದೆ. ಅಪಾಯ ಇರುವುದು ಇಲ್ಲೇ. ಅದೇ ಡಿಸ್ಕನ್ನು ಮುಂದೊಮ್ಮೆ ಸಾಧಾರಣ ಕರ್ನಲ್‌ನಲ್ಲಿ ಬೂಟ್ ಮಾಡಿದರೆ, ಸ್ಟ್ಯಾಕ್ ಓಡಬಾರದು ಎಂದು ಹೇಳುತ್ತಿದ್ದ ಹೆಡರ್ ಆ ಫೈಲಿನಲ್ಲಿ ಇರುವುದಿಲ್ಲ. ಫೈಲಿನ ಚೆಕ್‌ಸಮ್ ಕೂಡ ಬದಲಾಗುವುದರಿಂದ ಪ್ಯಾಕೇಜ್ ಪರಿಶೀಲನೆ ದೂರು ಕೊಡುತ್ತದೆ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರೋಗ್ರಾಂ ಓಡಲು ಒಪ್ಪುವುದಿಲ್ಲ. ಓಡುತ್ತಿರುವ ಫೈಲಿಗೆ ಹಾಕಲು ಹೋದರೆ ‘ಟೆಕ್ಸ್ಟ್ ಫೈಲ್ ಬ್ಯುಸಿ’ ಎಂಬ ದೋಷ ಬರುತ್ತದೆ. ಆಗ ಅದೇ ಡೈರೆಕ್ಟರಿಯಲ್ಲಿ ಪ್ರತಿ ಮಾಡಿ, ಪ್ರತಿಗೆ ಫ್ಲ್ಯಾಗ್ ಹಾಕಿ, ಎಂವಿ ಮೂಲಕ ಹಳೆಯದರ ಮೇಲೆ ಕೂರಿಸಬೇಕು.

ಇನ್ನೊಂದು ಜಾಗ ಫೈಲಿನ ಎಕ್ಸ್‌ಆಟರ್, ಅಂದರೆ ಫೈಲಿನ ಒಳಗಲ್ಲದೆ ಅದರ ಜೊತೆಗೆ ಫೈಲ್‌ಸಿಸ್ಟಂ ಇಟ್ಟುಕೊಳ್ಳುವ ಹೆಚ್ಚುವರಿ ಗುಣ. ಗುಣದ ಹೆಸರು ಯೂಸರ್.ಪ್ಯಾಕ್ಸ್.ಫ್ಲ್ಯಾಗ್ಸ್. ಸೆಟ್‌ಎಫ್‌ಆಟರ್ ಕಮಾಂಡ್‌ಗೆ ಎನ್ ಆಯ್ಕೆಯಲ್ಲಿ ಈ ಹೆಸರು, ವಿ ಆಯ್ಕೆಯಲ್ಲಿ ಅಕ್ಷರ, ಕೊನೆಗೆ ಫೈಲಿನ ದಾರಿ ಕೊಟ್ಟರೆ ಆಯಿತು. ಫೈಲಿನ ಒಂದು ಬೈಟ್ ಕೂಡ ಬದಲಾಗದು. ಫೈಲ್ ಓಡುತ್ತಿದ್ದರೂ ಹಾಕಬಹುದು, ಆದರೆ ಪರಿಣಾಮ ಕಾಣುವುದು ಮುಂದಿನ ಸಲ ಶುರುವಾದಾಗ. ನಾನು ಪೂರ್ತಿ ಈ ದಾರಿ ಹಿಡಿದಿದ್ದೇನೆ. ಕರ್ನಲ್‌ನಲ್ಲಿ ಎರಡೂ ವಿಧಾನ ಆನ್ ಆಗಿದ್ದು, ಒಂದೇ ಫೈಲಿನಲ್ಲಿ ಎರಡೂ ಕಡೆ ಫ್ಲ್ಯಾಗ್ ಇದ್ದರೆ ಅವು ಒಂದೇ ಆಗಿರಬೇಕು, ಆದ್ದರಿಂದ ಎರಡನ್ನೂ ಬೆರೆಸದಿರುವುದು ಕ್ಷೇಮ.

ಯಾವ ಫೈಲಿಗೆ ಯಾವ ಫ್ಲ್ಯಾಗ್ ಎಂದು ಸ್ಕ್ರಿಪ್ಟ್ ಓದುವ ಪಟ್ಟಿಯಲ್ಲಿ ಸಾಲಿಗೊಂದು ನಮೂದು. ಮೊದಲು ಫ್ಲ್ಯಾಗ್, ಒಂದು ಸ್ಪೇಸ್, ಆಮೇಲೆ ದಾರಿ. ಈ ಕ್ರಮ ಮುಖ್ಯ. ರೀಡ್ ಕಮಾಂಡ್‌ಗೆ ಎರಡೇ ವೇರಿಯಬಲ್ ಕೊಟ್ಟರೆ ಎರಡನೆಯದು ಸಾಲಿನ ಉಳಿದ ಭಾಗವನ್ನೆಲ್ಲ ನುಂಗುತ್ತದೆ, ದಾರಿಯ ನಡುವೆ ಸ್ಪೇಸ್ ಇದ್ದರೂ ಒಡೆಯುವುದಿಲ್ಲ. ದಾರಿ ಮೊದಲಿದ್ದರೆ ಈ ಅನುಕೂಲ ಸಿಗದು. ರೀಡ್‌ಗೆ ಆರ್ ಆಯ್ಕೆ ಕೊಡದಿದ್ದರೆ ಬ್ಯಾಕ್‌ಸ್ಲ್ಯಾಶ್‌ಗಳು ಮಾಯವಾಗುತ್ತವೆ. ಪಟ್ಟಿಯ ಕೊನೆಯ ಸಾಲಿಗೆ ಹೊಸಸಾಲಿನ ಚಿಹ್ನೆ ಇಲ್ಲದಿದ್ದರೆ ರೀಡ್ ವಿಫಲ ಎಂದು ಹೇಳಿ ಲೂಪ್ ನಿಲ್ಲುತ್ತದೆ, ಕೊನೆಯ ಫೈಲಿಗೆ ಫ್ಲ್ಯಾಗ್ ಬೀಳುವುದೇ ಇಲ್ಲ. ಅದಕ್ಕೆ ವೈಲ್ ಷರತ್ತಿನಲ್ಲಿ ‘ಅಥವಾ ಫ್ಲ್ಯಾಗ್ ವೇರಿಯಬಲ್ ಖಾಲಿ ಇಲ್ಲ’ ಎಂಬ ಪರೀಕ್ಷೆಯನ್ನೂ ಸೇರಿಸಬೇಕು. ಪಟ್ಟಿಯನ್ನು ಕ್ಯಾಟ್‌ನಿಂದ ಪೈಪ್ ಮಾಡದೆ ಡನ್ ಪದದ ಮುಂದೆ ರೀಡೈರೆಕ್ಟ್ ಮಾಡಿ. ಪೈಪ್ ಮಾಡಿದರೆ ಬಹುತೇಕ ಶೆಲ್‌ಗಳಲ್ಲಿ ಲೂಪ್ ಸಬ್‌ಶೆಲ್‌ನಲ್ಲಿ ಓಡುತ್ತದೆ, ಒಳಗೆ ಎಣಿಸಿದ ತಪ್ಪುಗಳ ಲೆಕ್ಕ ಹೊರಗೆ ಸೊನ್ನೆಯಾಗೇ ಉಳಿಯುತ್ತದೆ, ಸ್ಕ್ರಿಪ್ಟ್ ಎಲ್ಲ ಸರಿ ಎಂದು ಸುಳ್ಳು ಹೇಳುತ್ತದೆ.

ಜಾವಾದಂಥವಕ್ಕೆ ದಾರಿಯಲ್ಲಿ ಆವೃತ್ತಿ ಸಂಖ್ಯೆ ಇರುವುದರಿಂದ ಪಟ್ಟಿಯಲ್ಲಿ ನಕ್ಷತ್ರ ಚಿಹ್ನೆ ಬಳಸುತ್ತೇನೆ. ಅದು ಹಿಗ್ಗಬೇಕೆಂದರೆ, ಅಂದರೆ ಹೊಂದುವ ಎಲ್ಲ ಫೈಲ್ ಹೆಸರುಗಳಾಗಿ ಬದಲಾಗಬೇಕೆಂದರೆ, ಫಾರ್ ಲೂಪ್‌ನಲ್ಲಿ ವೇರಿಯಬಲ್‌ಗೆ ಕೋಟ್ ಹಾಕುವಂತಿಲ್ಲ, ಕೋಟ್ ಹಾಕದಿದ್ದರೆ ಸ್ಪೇಸ್‌ನಲ್ಲಿ ಒಡೆಯುತ್ತದೆ. ಫಾರ್‌ಗೆ ಮುಂಚೆ ಐಎಫ್‌ಎಸ್ (ಪದಗಳನ್ನು ಎಲ್ಲಿ ಒಡೆಯಬೇಕೆಂದು ಶೆಲ್‌ಗೆ ಹೇಳುವ ವೇರಿಯಬಲ್) ಅನ್ನು ಖಾಲಿ ಮಾಡಿದರೆ ಈ ಇಕ್ಕಟ್ಟು ತೀರುತ್ತದೆ: ಪದ ಒಡೆಯುವುದಿಲ್ಲ, ನಕ್ಷತ್ರ ಮಾತ್ರ ಹಿಗ್ಗುತ್ತದೆ. ಫೈಲ್ ಸಿಗದಿದ್ದರೆ ನಕ್ಷತ್ರ ಇದ್ದಂತೆಯೇ ಉಳಿಯುವುದರಿಂದ ಮುಂದಿನ ಸಾಲಿನಲ್ಲೇ ಅದು ನಿಜವಾದ ಫೈಲೇ ಎಂದು ನೋಡಿ, ಅಲ್ಲವಾದರೆ ಎಚ್ಚರಿಕೆ ಕೊಟ್ಟು ದಾಟಬೇಕು. ಐಎಫ್‌ಎಸ್ ಅನ್ನು ಮತ್ತೆ ಮೊದಲಿನಂತೆ ಮಾಡುವುದು ಮರೆತರೆ ಮುಂದಿನ ರೀಡ್ ಇಡೀ ಸಾಲನ್ನು ಫ್ಲ್ಯಾಗ್ ಎಂದೇ ತಿಳಿಯುತ್ತದೆ. ಅದಕ್ಕೇ ರೀಡ್‌ನ ಸಾಲಿನಲ್ಲೇ ಐಎಫ್‌ಎಸ್‌ಗೆ ಒಂದು ಸ್ಪೇಸ್ ಕೊಟ್ಟಿದ್ದೇನೆ.

ಪ್ರತಿ ಫೈಲಿಗೂ ಬರೆಯುವ ಮೊದಲು ಮೂರು ತಪಾಸಣೆ. ಕೇಸ್ ಮಾದರಿಯಲ್ಲಿ ಹತ್ತು ಅಕ್ಷರಗಳ ಹೊರತು ಬೇರೇನಾದರೂ ಫ್ಲ್ಯಾಗ್‌ನಲ್ಲಿದ್ದರೆ ಸಾಲು ತಿರಸ್ಕೃತ. ರೀಡ್‌ಲಿಂಕ್‌ಗೆ ಎಫ್ ಆಯ್ಕೆ ಕೊಟ್ಟು ಸಿಮ್‌ಲಿಂಕ್‌ನ ಕೊನೆಯ ಗುರಿ ಯಾವುದೆಂದು ಲಾಗ್‌ಗೆ ಬರೆಯುತ್ತೇನೆ. ಹಲವು ಕಮಾಂಡ್‌ಗಳು ಒಂದೇ ಫೈಲಿಗೆ ಸಿಮ್‌ಲಿಂಕ್ ಆಗಿರುವ ಬ್ಯುಸಿಬಾಕ್ಸ್ ಇರುವ ಕಡೆ ಇದು ಬಹಳ ಮುಖ್ಯ, ಒಂದು ಕಮಾಂಡ್‌ಗೆ ಎಂದು ಹಾಕಿದ ಫ್ಲ್ಯಾಗ್ ಎಲ್ಲ ಕಮಾಂಡ್‌ಗಳಿಗೂ ಬೀಳುತ್ತದೆ. ಹಾರ್ಡ್‌ಲಿಂಕ್ ವಿಷಯದಲ್ಲೂ ಹಾಗೆಯೇ, ಎಕ್ಸ್‌ಆಟರ್ ಇರುವುದು ಹೆಸರಿನಲ್ಲಲ್ಲ, ಐನೋಡ್‌ನಲ್ಲಿ (ಹೆಸರಿನ ಹಿಂದೆ ಇರುವ ಫೈಲಿನ ಅಸಲಿ ದಾಖಲೆ). ಮೂರನೆಯದಾಗಿ, ಓಡಿ ಕಮಾಂಡ್‌ನಿಂದ ಮೊದಲ 4 ಬೈಟ್ ಓದಿ, ಎಲ್ಫ್ ಫೈಲಿನ ಗುರುತಾದ 7ಎಫ್ 45 4ಸಿ 46 ಇದೆಯೇ ಎಂದು ನೋಡುವುದು. ಬಿನ್ ಡೈರೆಕ್ಟರಿಯಲ್ಲಿರುವ ಎಷ್ಟೋ ‘ಪ್ರೋಗ್ರಾಂ’ಗಳು ಬರೀ ಶೆಲ್ ಹೊದಿಕೆಗಳು. ಅವಕ್ಕೆ ಫ್ಲ್ಯಾಗ್ ಹಾಕಿದರೆ ದೋಷ ಬರುವುದಿಲ್ಲ, ಪರಿಣಾಮವೂ ಇರುವುದಿಲ್ಲ. ಫ್ಲ್ಯಾಗ್ ಬೀಳಬೇಕಾದ್ದು ಕೊನೆಗೆ ಎಕ್ಸೆಕ್ ಆಗುವ ಎಲ್ಫ್ ಫೈಲಿಗೆ. ಪೈಥಾನ್ ಸ್ಕ್ರಿಪ್ಟ್ ಆದರೆ ಇಂಟರ್‌ಪ್ರಿಟರ್‌ಗೆ, ಲೈಬ್ರರಿ ಆದರೆ ಅದನ್ನು ಲೋಡ್ ಮಾಡುವ ಮುಖ್ಯ ಪ್ರೋಗ್ರಾಂಗೆ.

ಆಮೇಲೆ ಗೆಟ್‌ಎಫ್‌ಆಟರ್‌ನಿಂದ ಈಗಿನ ಮೌಲ್ಯ ಓದಿ, ಅದೇ ಇದ್ದರೆ ಮುಟ್ಟದೆ ಬಿಡುತ್ತೇನೆ. ಓನ್ಲಿ ವ್ಯಾಲ್ಯೂಸ್ ಆಯ್ಕೆ ಕೊಟ್ಟರೆ ಹೆಸರು, ಕೋಟ್ ಏನೂ ಇಲ್ಲದೆ ಅಕ್ಷರವಷ್ಟೇ ಬರುತ್ತದೆ. ಆಬ್ಸಲ್ಯೂಟ್ ನೇಮ್ಸ್ ಆಯ್ಕೆಯನ್ನೂ ಕೊಡಿ, ಇಲ್ಲದಿದ್ದರೆ ಮುಂದಿನ ಸ್ಲ್ಯಾಶ್ ತೆಗೆದೆ ಎಂಬ ಸಂದೇಶ ಲಾಗ್ ತುಂಬುತ್ತದೆ.

ಹಾಕಿದ ಫ್ಲ್ಯಾಗ್ ಕಳೆದುಹೋಗುವ ದಾರಿಗಳು ಅನೇಕ. ಪ್ಯಾಕೇಜ್ ಮ್ಯಾನೇಜರ್ ಹೊಸ ಫೈಲ್ ಬರೆದು ಹಳೆಯದರ ಹೆಸರಿಗೆ ತಿರುಗಿಸುತ್ತದೆ. ಐನೋಡ್ ಹೊಸದು, ಹಾಗಾಗಿ ಫ್ಲ್ಯಾಗ್ ಇಲ್ಲ. ಆಯ್ಕೆಯಿಲ್ಲದ ಸಿಪಿ, ಟಾರ್, ಆರ್‌ಸಿಂಕ್ ಕೂಡ ಎಕ್ಸ್‌ಆಟರ್ ಬಿಟ್ಟುಬಿಡುತ್ತವೆ. ಸಿಪಿಗೆ ಸಣ್ಣ ಎ, ಟಾರ್‌ಗೆ ಕಟ್ಟುವಾಗಲೂ ಬಿಚ್ಚುವಾಗಲೂ ಎಕ್ಸ್‌ಆಟರ್ಸ್ ಆಯ್ಕೆ, ಆರ್‌ಸಿಂಕ್‌ಗೆ ದೊಡ್ಡ ಎಕ್ಸ್ ಬೇಕು.

ಅಪ್‌ಡೇಟ್ ಆದ ಮೇಲೆ ಸ್ಕ್ರಿಪ್ಟ್ ತಾನಾಗಿ ಓಡಲು ಡೆಬಿಯನ್ ಬಳಗದಲ್ಲಿ ಆಪ್ಟ್ ಸಂರಚನೆಯ ಡಿಪಿಕೆಜಿ ಪೋಸ್ಟ್ ಇನ್‌ವೋಕ್ ಸಾಲು, ಆರ್ಚ್‌ನಲ್ಲಿ ಪ್ಯಾಕ್‌ಮ್ಯಾನ್‌ನ ಪೋಸ್ಟ್ ಟ್ರಾನ್ಸಾಕ್ಷನ್ ಹುಕ್ ಇವೆ. ಡಿಪಿಕೆಜಿಯನ್ನು ನೇರವಾಗಿ ಕೈಯಿಂದ ಓಡಿಸಿದರೆ ಆಪ್ಟ್‌ನ ಸಾಲು ಓಡುವುದಿಲ್ಲ ಎಂಬುದು ನೆನಪಿರಲಿ. ಇನ್ನೂ ಸೂಕ್ಷ್ಮವಾದ ತೊಡಕೆಂದರೆ, ಪ್ಯಾಕೇಜಿನ ಸ್ವಂತ ಇನ್‌ಸ್ಟಾಲ್ ಸ್ಕ್ರಿಪ್ಟ್ ನಮ್ಮ ಹುಕ್‌ಗಿಂತ ಮುಂಚೆಯೇ ಓಡುತ್ತದೆ. ಜಾವಾಗೆ ಪ್ರಮಾಣಪತ್ರ ಸೇರಿಸುವ ಪ್ಯಾಕೇಜ್ ಆ ಹೊತ್ತಿಗೇ ಜಾವಾವನ್ನು ಕರೆಯುತ್ತದೆ, ಫ್ಲ್ಯಾಗ್ ಇಲ್ಲದ ಜಾವಾ ಅಲ್ಲೇ ಸಾಯುತ್ತದೆ, ಪ್ಯಾಕೇಜ್ ಅರ್ಧಕ್ಕೆ ನಿಲ್ಲುತ್ತದೆ. ಗಾಬರಿ ಬೇಡ. ಸ್ಕ್ರಿಪ್ಟ್ ಓಡಿಸಿ, ಆಮೇಲೆ ಡಿಪಿಕೆಜಿಗೆ ಕಾನ್ಫಿಗರ್ ಮತ್ತು ಎ ಆಯ್ಕೆ ಕೊಟ್ಟರೆ ಉಳಿದದ್ದು ಮುಗಿಯುತ್ತದೆ. ಕಂಪೈಲ್ ಮಾಡುವಾಗಲೂ ಇದೇ ಕಥೆ: ಈಗಷ್ಟೇ ಕಟ್ಟಿದ ಬೈನರಿಯನ್ನು ಬಿಲ್ಡ್ ತಾನೇ ಓಡಿಸುವುದಾದರೆ, ಲಿಂಕ್ ಆದ ಮೇಲೆ ಓಡುವ ಮುಂಚೆ ಮೇಕ್‌ಫೈಲ್‌ನಲ್ಲೇ ಫ್ಲ್ಯಾಗ್ ಹಾಕಬೇಕು.

ಫೈಲಿನ ಮೇಲೆ ಫ್ಲ್ಯಾಗ್ ಕಂಡಿತೆಂದು ಕೆಲಸ ಆಯಿತೆಂದು ನಂಬುವುದಿಲ್ಲ. ಓಡುತ್ತಿರುವ ಪ್ರೋಸೆಸ್‌ನ ಪ್ರಾಕ್ ಡೈರೆಕ್ಟರಿಯ ಸ್ಟೇಟಸ್ ಫೈಲಿನಲ್ಲಿ ಪ್ಯಾಕ್ಸ್ ಎಂಬ ಸಾಲಿದೆ, ಅಲ್ಲಿ ಐದೂ ಅಕ್ಷರ ಪಿ, ಇ, ಎಂ, ಆರ್, ಎಸ್ ಕ್ರಮದಲ್ಲಿರುತ್ತವೆ. 64 ಬಿಟ್ ಯಂತ್ರದಲ್ಲಿ ಸಣ್ಣ ಎಂ ಹಾಕಿದ ಜಾವಾಗೆ ಪಿ ಮತ್ತು ಆರ್ ದೊಡ್ಡದು, ಉಳಿದ ಮೂರು ಸಣ್ಣದು ಇರಬೇಕು. ಎಂ ಇನ್ನೂ ದೊಡ್ಡದಿದ್ದರೆ ಫ್ಲ್ಯಾಗ್ ತಪ್ಪು ಫೈಲಿಗೆ ಬಿದ್ದಿದೆ, ಇಲ್ಲವೇ ಪ್ರೋಸೆಸ್ ಹಳೆಯದು, ಇಲ್ಲವೇ ಕರ್ನಲ್‌ನಲ್ಲಿ ಎಕ್ಸ್‌ಆಟರ್ ಓದುವ ಆಯ್ಕೆ ಆಫ್ ಇದೆ. ಸ್ಕ್ರಿಪ್ಟ್‌ನ ಕೊನೆಯಲ್ಲಿ ಈ ಹೋಲಿಕೆಯನ್ನೂ ಸೇರಿಸಿ, ಹೊಂದದಿದ್ದರೆ ಸೊನ್ನೆಯಲ್ಲದ ಎಕ್ಸಿಟ್ ಕೋಡ್ ಕೊಡುತ್ತೇನೆ.

ಪಟ್ಟಿಯಿಂದ ಒಂದು ಸಾಲು ಅಳಿಸಿದರೆ ಫೈಲಿನ ಮೇಲಿನ ಫ್ಲ್ಯಾಗ್ ಅಳಿಯುವುದಿಲ್ಲ. ಬೇಡವಾದ ವಿನಾಯಿತಿ ಹೀಗೆ ವರ್ಷಗಟ್ಟಲೆ ಉಳಿದುಬಿಡುತ್ತದೆ, ನನಗೆ ಹೆಚ್ಚು ಆತಂಕ ಇದರ ಬಗ್ಗೆಯೇ. ಗೆಟ್‌ಎಫ್‌ಆಟರ್‌ಗೆ ದೊಡ್ಡ ಆರ್, ದೊಡ್ಡ ಪಿ ಜೊತೆಗೆ ಎಂ ಆಯ್ಕೆಯಲ್ಲಿ ಗುಣದ ಹೆಸರಿನ ಮಾದರಿ ಕೊಟ್ಟು ಯೂಎಸ್‌ಆರ್ ಡೈರೆಕ್ಟರಿ ಪೂರ್ತಿ ಜಾಲಾಡಿದರೆ ಫ್ಲ್ಯಾಗ್ ಇರುವ ಫೈಲ್‌ಗಳಷ್ಟೇ ಬರುತ್ತವೆ. ಎನ್ ಆಯ್ಕೆಯಿಂದ ಹುಡುಕಿದರೆ ಫ್ಲ್ಯಾಗ್ ಇಲ್ಲದ ಒಂದೊಂದು ಫೈಲಿಗೂ ದೋಷದ ಸಾಲು ಬೀಳುತ್ತದೆ. ಸಿಕ್ಕ ಹೆಸರುಗಳನ್ನೂ ಪಟ್ಟಿ ಹಿಗ್ಗಿಸಿದ ಹೆಸರುಗಳನ್ನೂ ಸಾರ್ಟ್ ಮಾಡಿ, ಎರಡು ಪಟ್ಟಿಗಳನ್ನು ಹೋಲಿಸುವ ಕಾಮ್ ಕಮಾಂಡ್‌ಗೆ ಕೊಟ್ಟರೆ ಅನಾಥ ಫ್ಲ್ಯಾಗ್‌ಗಳು ಕಾಣುತ್ತವೆ. ಅವುಗಳನ್ನು ಸೆಟ್‌ಎಫ್‌ಆಟರ್‌ನ ಸಣ್ಣ ಎಕ್ಸ್ ಆಯ್ಕೆಯಿಂದ ತೆಗೆಯುತ್ತೇನೆ.