ಮಳೆಗಾಲಕ್ಕೆ ಐದು ದಿನದ ರೊಟ್ಟಿ, ನೀರು: ನನ್ನ ಅನುಭವ

ಕಡಕ್ ರೊಟ್ಟಿ ಆಷಾಢ, ಶ್ರಾವಣ ದಾಟಿದರೂ ಗರಿಗರಿ ಇರುತ್ತೆ ಅಂದರೆ ನಮ್ಮ ಓಣಿಯಲ್ಲಿ ಯಾರೂ ನಂಬಲಿಲ್ಲ. "ಥಂಡಿ ಹವಾಕ್ಕ ಬೂಸ್ಟ ಬರ್ತಾವ, ಸುಮ್ನ ಜ್ವಾಳಾ ಹಾಳ ಮಾಡಬ್ಯಾಡವಾ" ಅಂದರು ನಮ್ಮತ್ತೆ. ಈಗ ಬಂದವರಿಗೆಲ್ಲ ಅವರೇ ಡಬ್ಬಿ ತೆಗೆದು ತೋರಿಸುತ್ತಾರೆ.

ನಮ್ಮದು ರೋಣ ತಾಲೂಕು, ಬೆಣ್ಣೆಹಳ್ಳದ ದಂಡೆ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾಗ ಅತ್ತ ಮಲಪ್ರಭೆ ತುಂಬಿತು, ಇತ್ತ ಹಳ್ಳ ಉಕ್ಕಿತು. ಊರೂರಿಂದ ರೊಟ್ಟಿ ಗಂಟು ಬಂದವು, ಅವರಿಗೆ ಪುಣ್ಯ ಬರಲಿ. ಆದರೆ ಅವು ಬರೋವರೆಗೆ ಮಕ್ಕಳ ಹೊಟ್ಟೆಗೆ ಏನು?

ಮೊದಲ ವರ್ಷ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ನೂರು ರೊಟ್ಟಿ ತಿಪ್ಪೆಗೆ ಹೋದವು. ಮುರಿದು ನೋಡಿದರೆ ಅಂಚು ಕಡಕ್, ನಡುವೆ ಮಾತ್ರ ಹಸಿ. ಬೂಸ್ಟ ಹುಟ್ಟೋದೇ ಅಲ್ಲಿ. ಮರುವರ್ಷ ದೊಡ್ಡ ಡಬ್ಬಿ ತಂದೆ. ದಿನಾ ಮುಚ್ಚಳ ತೆಗೆದೂ ತೆಗೆದೂ ಎಲ್ಲವೂ ಮೆತ್ತಗಾದವು. ಈಗ ಬೇಸಿಗೆಯಲ್ಲೇ ಬಡಿದು, ಒಂದು ದಿನ ಬಿಸಿಲಿಗಿಟ್ಟು, ಮರುದಿನ ಸಣ್ಣ ಉರಿಯಲ್ಲಿ ಮತ್ತೆ ಹಂಚಿಗೆ ಹಾಕುತ್ತೇನೆ. ಪೂರಾ ಆರಿದ ಮೇಲೆ ಇಪ್ಪತ್ತೈದರಂತೆ ಸಣ್ಣ ಡಬ್ಬಿಗೆ ತುಂಬಿ ಮುಚ್ಚಳದ ಸುತ್ತ ಟೇಪು. ಒಂದು ಮುಗಿಯದೆ ಇನ್ನೊಂದು ತೆಗೆಯಲ್ಲ. ತಳಕ್ಕೆ ಏನು ಹಾಕುತ್ತೇನೆ ಅನ್ನೋದು ತವರಿನ ಗುಟ್ಟು, ಅದನ್ನ ಹೇಳಲ್ಲ.

ಸಜ್ಜಿ ರೊಟ್ಟಿಯನ್ನೂ ಇಟ್ಟು ನೋಡಿದೆ. ಬೇಗ ಕಹಿಯಾದವು, ಬೇಡ. ಚಟ್ನಿಯಲ್ಲಿ ಒಣಕೊಬ್ಬರಿಯದು ಮೊದಲು ಕಮಟಿತು. ಶೇಂಗಾ ಚಟ್ನಿ ಬಳ್ಳೊಳ್ಳಿ ಹಾಕದಿದ್ದರೆ ಜಾಸ್ತಿ ದಿನ ಬಂತು. ಗುರೆಳ್ಳು ಚಟ್ನಿಯೂ ಪರವಾಗಿಲ್ಲ.

ನೀರಿಗೆ ಇಪ್ಪತ್ತು ಲೀಟರಿನ ಐದು ಕ್ಯಾನು, ಐದು ಮಂದಿಗೆ ಐದು ದಿನ. ಬಿಳಿ ಕ್ಯಾನು ಬೆಳಕು ಬಿದ್ದಲ್ಲಿ ಪಾಚಿಗಟ್ಟಿದವು. ಅದಕ್ಕೇ ಗೋಣಿಚೀಲ ಸುತ್ತಿ ಅಟ್ಟದ ಕತ್ತಲಲ್ಲಿ ಇಟ್ಟಿದ್ದೇನೆ. ಅಮಾವಾಸ್ಯೆಗೊಮ್ಮೆ ಬದಲಿಸುತ್ತೇನೆ, ಹಳೆಯದು ಪಾತ್ರೆ ತೊಳೆಯೋಕೆ.

ಡಬ್ಬಿ, ಕ್ಯಾನು ಸೇರಿ ಮೂರೂವರೆ ನಾಲ್ಕು ಸಾವಿರ ಆಗಿರಬೇಕು. ಜೋಳ ಹೊಲದ್ದೇ. ಅಂಗಡಿಯಲ್ಲಿ ರೊಟ್ಟಿ ಒಂದಕ್ಕೆ ಏಳೆಂಟು ರೂಪಾಯಿ, ನನಗೆ ಮೂರು ಬಿದ್ದಿದ್ದರೆ ಹೆಚ್ಚು.

ಆಮೇಲೊಂದು ಮಳೆಗಾಲ ಹಳ್ಳ ಬಂದು ಮೂರ್ನಾಲ್ಕು ದಿನ ದಾರಿ ಬಂದ್. ಕಟ್ಟಿಗೆ ತೊಯ್ದು ಒಲೆ ಹೊತ್ತಲಿಲ್ಲ. ಟೇಪು ಬಿಚ್ಚಿ ಮುರಿದರೆ ರೊಟ್ಟಿ ಕಟ್ ಅಂತು! ನಾವೂ ಉಂಡೆವು, ಪಕ್ಕದ ಮನೆಗೂ ಎರಡು ಡಬ್ಬಿ ಕೊಟ್ಟೆ.

ಒಂದೇ ತೊಂದರೆ, ಅತ್ತೆಗೆ ಹಲ್ಲಿಲ್ಲ. ರೊಟ್ಟಿ ನೆನೆಸೋಕೇ ಕುಡಿಯೋ ನೀರು ಬಹಳ ಹೋಯಿತು. ಈಗ ಅವರಿಗೆ ಪುಟಾಣಿ ಹಿಟ್ಟು, ಬೆಲ್ಲ ಬೇರೆ ಇಡುತ್ತೇನೆ. ಈ ವರ್ಷ ಒಂದು ಕ್ಯಾನೂ ಹೆಚ್ಚು.