ಬೆಲೆಯೂ ಅದರ ಪಕ್ಕದ ಬರಹವೂ ಒಂದೇ ಗೆರೆಯಲ್ಲಿ: ನನ್ನ ಅನುಭವ

ಅಡಿಕೆ ಧಾರಣೆ ತೋರಿಸುವ ಆಂಡ್ರಾಯ್ಡ್ ಆ್ಯಪ್ ಒಂದರಲ್ಲಿ 32 ಎಸ್‌ಪಿ (ಅಕ್ಷರಗಳ ಅಳತೆ) ಗಾತ್ರದ ಬೆಲೆಯೂ ಅದರ ಬಲಕ್ಕೆ 14 ಎಸ್‌ಪಿ ಗಾತ್ರದ ‘ಪ್ರತಿ ಕ್ವಿಂಟಲ್‌ಗೆ’ ಎಂಬ ಬರಹವೂ ಒಂದೇ ಸಾಲಿನಲ್ಲಿ ಕೂರಬೇಕಿತ್ತು. ಎರಡನ್ನೂ ನಡುವಿಗೆ ಹೊಂದಿಸಿದರೆ ಚಿಕ್ಕ ಬರಹ ಮೇಲೆದ್ದಂತೆ ಕಾಣುತ್ತದೆ. ಕೆಳ ಅಂಚಿಗೆ ಹೊಂದಿಸಿದರೆ ಅದು ಕೆಳಗೆ ಜಾರುತ್ತದೆ. ಏಕೆಂದರೆ ಬರಹ ತೋರಿಸುವ ಚೌಕಟ್ಟಾದ ಟೆಕ್ಸ್ಟ್‌ವ್ಯೂನ ಕೆಳ ಅಂಚಿಗೂ ಅಕ್ಷರಗಳ ಪಾದಕ್ಕೂ ನಡುವೆ ಫಾಂಟು ಕಾಯ್ದಿರಿಸಿದ ಜಾಗವಿದ್ದು, ಅಕ್ಷರ ದೊಡ್ಡದಾದಷ್ಟೂ ಅದು ಹೆಚ್ಚುತ್ತದೆ. ಸಾಲದ್ದಕ್ಕೆ ಆಂಡ್ರಾಯ್ಡ್‌ನ ಮೂಲ ಫಾಂಟಾದ ರೋಬೋಟೊದಲ್ಲಿ ಕನ್ನಡ ಅಕ್ಷರಗಳೇ ಇಲ್ಲದ್ದರಿಂದ ಅಂಕಿಗಳು ಒಂದು ಫಾಂಟಿನಲ್ಲಿ, ಬರಹ ಇನ್ನೊಂದರಲ್ಲಿ ಮೂಡುತ್ತವೆ. ನಾಲ್ಕಾರು ಡಿಪಿ (ಪರದೆಯ ಮೇಲಿನ ಜಾಗದ ಅಳತೆ) ಮಾರ್ಜಿನ್ ಕೊಟ್ಟು ಸರಿಪಡಿಸುವುದು ನನಗೆ ಒಪ್ಪಿಗೆಯಿಲ್ಲ: ಬಳಕೆದಾರರು ಫೋನಿನ ಅಕ್ಷರ ಗಾತ್ರವನ್ನು ಹಿಗ್ಗಿಸಿದಾಗ ಎಸ್‌ಪಿ ಬೆಳೆಯುತ್ತದೆ, ಡಿಪಿ ಇದ್ದಲ್ಲೇ ಇರುತ್ತದೆ.

ಆದ್ದರಿಂದ, ಪರದೆಯ ಒಂದು ಅಂಶವನ್ನು ಇನ್ನೊಂದಕ್ಕೆ ಕಟ್ಟಿ ಜೋಡಿಸುವ ಕನ್‌ಸ್ಟ್ರೇಂಟ್‌ಲೇಔಟ್‌ನಲ್ಲಿ ಬರಹದ ಬೇಸ್‌ಲೈನನ್ನು (ಅಕ್ಷರಗಳ ಪಾದ ನಿಲ್ಲುವ ಗೆರೆ) ಬೆಲೆಯ ಬೇಸ್‌ಲೈನಿಗೆ ಕಟ್ಟಿ, ಬರಹಕ್ಕಿದ್ದ ಮೇಲಿನ ಮತ್ತು ಕೆಳಗಿನ ಕನ್‌ಸ್ಟ್ರೇಂಟುಗಳನ್ನು ತೆಗೆದುಹಾಕಿದೆ. ಏರಿಳಿತ ಸೂಚಿಸುವ ಬಾಣದ ಗುರುತು ಇಮೇಜ್‌ವ್ಯೂ (ಚಿತ್ರ ತೋರಿಸುವ ಚೌಕಟ್ಟು) ಆಗಿದ್ದು ಅದಕ್ಕೆ ತನ್ನದೇ ಬೇಸ್‌ಲೈನ್ ಇರುವುದಿಲ್ಲ. ‘ಬೇಸ್‌ಲೈನ್ ಅಲೈನ್ ಬಾಟಮ್’ ಗುಣವನ್ನು ಟ್ರೂ ಮಾಡಿದಾಗ ಚಿತ್ರದ ಕೆಳ ಅಂಚೇ ಬೇಸ್‌ಲೈನ್ ಆಗಿ, ಬಾಣವೂ ಅಂಕಿಗಳ ಪಾದಕ್ಕೆ ಬಂದು ನಿಂತಿತು.

ಅಂಶಗಳನ್ನು ಒಂದರ ಪಕ್ಕ ಒಂದರಂತೆ ಜೋಡಿಸುವ ಅಡ್ಡ ಲೀನಿಯರ್‌ಲೇಔಟ್ ಬಳಸಿದ್ದರೆ ಈ ಹೊಂದಿಕೆ ತಾನಾಗಿಯೇ ಆಗುತ್ತಿತ್ತು, ಆದರೆ ಒಳಗಿನ ಅಂಶಗಳು ಎಲ್ಲಿ ನಿಲ್ಲಬೇಕೆಂದು ಹೇಳುವ ಗ್ರ್ಯಾವಿಟಿಯನ್ನು ‘ಸೆಂಟರ್ ವರ್ಟಿಕಲ್’ (ಎತ್ತರದ ನಡುವಿಗೆ) ಎಂದು ಬರೆದೊಡನೆ ಅದು ಯಾವ ಎಚ್ಚರಿಕೆಯೂ ಇಲ್ಲದೆ ನಿಂತುಹೋಗುತ್ತದೆ. ಹಳೆಯ ಪರದೆಗಳಲ್ಲಿ ಸಾಲು ಓರೆಯಾಗಿ ಕಂಡರೆ ನಾನು ಮೊದಲು ನೋಡುವುದು ಅದನ್ನೇ. ಆಂಡ್ರಾಯ್ಡ್ ಪರದೆ ಕಟ್ಟುವ ಹೊಸ ವಿಧಾನವಾದ ಕಂಪೋಸ್‌ನಲ್ಲಿ ‘ರೋ’ (ಅಡ್ಡಸಾಲು) ಒಳಗಿನ ಎರಡೂ ಟೆಕ್ಸ್ಟ್‌ಗಳಿಗೆ ‘ಅಲೈನ್ ಬೈ ಬೇಸ್‌ಲೈನ್’ ಹಾಕಿದರಾಯಿತು.

ಪಾದ ಹೊಂದಿದ ಮೇಲೂ ಕನ್ನಡದಲ್ಲಿ ಒಂದು ಕೆಲಸ ಉಳಿಯುತ್ತದೆ, ಅದು ಒತ್ತಕ್ಷರಗಳದ್ದು. ಧಾರಣೆಪಟ್ಟಿಯನ್ನು ‘ರಾಶಿ’, ‘ಚಾಲಿ’ ಎಂಬ ಅಡಿಕೆ ಬಗೆಗಳ ಹೆಸರುಗಳಿಂದಷ್ಟೇ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಸಾಲಿನ ಎತ್ತರವನ್ನು ಬಿಗಿಯಾಗಿ ನಿಗದಿ ಮಾಡಿದ್ದರೆ ‘ಬೆಟ್ಟೆ’ಯ ಟ ಒತ್ತು ಅಂಚಿಗೆ ತಾಗಿ ಕತ್ತರಿಸಿಹೋಗುತ್ತದೆ. ಹಾಗಾಗಿ ಎತ್ತರವನ್ನು, ಒಳಗಿನ ಬರಹಕ್ಕೆ ತಕ್ಕಷ್ಟು ಜಾಗ ಕೊಡುವ ‘ರ‍್ಯಾಪ್ ಕಂಟೆಂಟ್’ಗೆ ಬಿಟ್ಟು, ಕನಿಷ್ಠ ಎತ್ತರವನ್ನು ಮಾತ್ರ ಸೂಚಿಸಿ, ಅಕ್ಷರಗಳ ಮೇಲೆ ಕೆಳಗೆ ಹೆಚ್ಚುವರಿ ಜಾಗ ಬಿಡುವ ‘ಇನ್‌ಕ್ಲೂಡ್ ಫಾಂಟ್ ಪ್ಯಾಡಿಂಗ್’ ಅನ್ನು ಫಾಲ್ಸ್ ಮಾಡದೆ ಉಳಿಸಿಕೊಂಡೆ. ಪರೀಕ್ಷೆಗೆಂದು ‘ರಾಷ್ಟ್ರ’, ‘ಶಾಸ್ತ್ರ’ ಎಂಬ ಎರಡೆರಡು ಒತ್ತುಗಳ ಪದಗಳನ್ನು, ಧಾರಣೆಗೆ ಸಂಬಂಧವಿಲ್ಲದಿದ್ದರೂ, ಮಾದರಿ ಪಟ್ಟಿಯಲ್ಲಿ ಸೇರಿಸಿದ್ದೇನೆ. ಫೋನಿನ ಅತಿ ದೊಡ್ಡ ಅಕ್ಷರ ಗಾತ್ರದಲ್ಲೂ ಅವು ಪೂರ್ಣವಾಗಿ ಕಂಡರೆ ಮಾತ್ರ ಆ ಸಾಲನ್ನು ಮುಂದಕ್ಕೆ ಕಳಿಸುತ್ತೇನೆ.