ಹುಳು ಸಿಕ್ಕಿದ ಮೇಲೆ ಶುರುವಾಗುವ ಕೆಲಸ

ಹೊಸ ಪ್ರಭೇದ ಅಂದ ಕೂಡಲೇ ಜನ ಕೇಳುವುದು ‘ಎಲ್ಲಿ ಸಿಕ್ಕಿತು?’ ಅಂತ. ಸಿಗುವುದೇನು ದೊಡ್ಡ ಮಾತಲ್ಲ. ಅರಣ್ಯ ಇಲಾಖೆಯ ಅನುಮತಿ ಪತ್ರ ಹಿಡಿದು ಘಟ್ಟದ ಕಾಡಿಗೆ ಹೋಗಿ, ಪ್ಲಾಸ್ಟಿಕ್ ಬೋಗುಣಿಯನ್ನು ನೆಲಮಟ್ಟಕ್ಕೆ ಹೂತು, ಮೇಲೆ ತಂತಿ ಜಾಲರಿ ಹಾಸಿ ಹಸಿ ಸಗಣಿ ಇಟ್ಟು ಬಂದರೆ ಬೆಳಗಾಗುವಷ್ಟರಲ್ಲಿ ಸಗಣಿ ಹುಳುಗಳು ಬಿದ್ದಿರುತ್ತವೆ. ಮೊದಲ ಮಳೆ ಬಿದ್ದ ವಾರವಾದರಂತೂ ಹೇಳುವುದೇ ಬೇಡ. ಅದರಲ್ಲಿ ಒಂದಕ್ಕೆ ಈವರೆಗೆ ಯಾರೂ ಹೆಸರಿಟ್ಟಿಲ್ಲ ಎಂದು ತೋರಿಸುವುದಿದೆಯಲ್ಲ, ಕಷ್ಟ ಅಲ್ಲಿದೆ.

ನಾನು ಹೆಚ್ಚಾಗಿ ನೋಡುವುದು ಸಗಣಿ ಹುಳುಗಳಲ್ಲಿ ಒಂಥೋಫೇಗಸ್ ಎಂಬ ಕುಲವನ್ನು, ಅಂದರೆ ಹತ್ತಿರದ ಪ್ರಭೇದಗಳ ಒಂದು ಗುಂಪನ್ನು. 1802ರಲ್ಲಿ ಫ್ರಾನ್ಸಿನ ಲಾಟ್ರೇಯ್ ಹೆಸರಿಟ್ಟ ಈ ಕುಲದಲ್ಲಿ ಈಗ ಎರಡು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಇವುಗಳಲ್ಲಿ ಎಷ್ಟೋ ಪ್ರಭೇದಗಳ ಗಂಡಿಗೆ ಕೊಂಬು. ಅದೇ ತಾಪತ್ರಯ. ಮರಿಯಾಗಿದ್ದಾಗ ಹೊಟ್ಟೆತುಂಬ ತಿಂದ ಗಂಡಿಗೆ ಉದ್ದ ಕೊಂಬು ಬಂದರೆ ಅರೆಹೊಟ್ಟೆಯಲ್ಲಿ ಬೆಳೆದದ್ದಕ್ಕೆ ಬರೀ ಸಣ್ಣ ಗುಬುಟು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಪ್ರಭೇದ ಅಂದರೆ ಯಾರೂ ನಂಬುವುದಿಲ್ಲ. ಹಾಗಾಗಿ ಕೊಂಬು ನೋಡಿ ನಾನು ಯಾವ ತೀರ್ಮಾನಕ್ಕೂ ಬರುವುದಿಲ್ಲ.

ತೀರ್ಪು ಕೊಡುವುದು ಗಂಡಿನ ಜನನಾಂಗ. ಒಣಗಿದ ಹುಳುವನ್ನು ಬಿಸಿ ನೀರಿನಲ್ಲಿ ನೆನೆಸಿ ಮೆತ್ತಗಾಗಿಸಿ, ತುದಿ ಬಗ್ಗಿಸಿದ ಸೂಜಿಯನ್ನು ಹೊಟ್ಟೆಯ ಹಿಂಬದಿಯಿಂದ ಒಳಗೆ ಬಿಟ್ಟು ಮೆಲ್ಲಗೆ ಎಳೆಯುತ್ತೇನೆ. ಆರು ಮಿಲಿಮೀಟರ್ ಹುಳುವಿನಿಂದ ಕಂದು ಬಣ್ಣದ, ಬಾಗಿದ ಸಣ್ಣ ಕೊಳವೆಯಂಥದ್ದು ಹೊರಬರುತ್ತದೆ. ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬೆಚ್ಚಗಿಟ್ಟರೆ ಸ್ನಾಯು ಕರಗಿ ಗಟ್ಟಿ ಭಾಗ ಮಾತ್ರ ಉಳಿಯುತ್ತದೆ. ಅದನ್ನು ತೊಳೆದು ಗ್ಲಿಸರಿನ್‌ನಲ್ಲಿಟ್ಟು ಪಕ್ಕದಿಂದ, ಮೇಲಿಂದ, ಹಿಂದಿನಿಂದ ನೋಡಬೇಕು. ತುದಿಯ ಎರಡು ಹಾಳೆಗಳ ಬಾಗು ಬೇರೆಯಾಗಿದ್ದರೆ, ಅದೂ ಹಲವು ಗಂಡುಗಳಲ್ಲಿ ಒಂದೇ ರೀತಿ ಬೇರೆಯಾಗಿದ್ದರೆ, ಆಗ ಕುರ್ಚಿ ಎಳೆದುಕೊಂಡು ಕೂರುವುದು. ನೋಡಿದ ಮೇಲೆ ಆ ಅಂಗವನ್ನು ಚಿಕ್ಕ ಶೀಶೆಗೆ ಹಾಕಿ, ಅದೇ ಹುಳುವಿನ ಪಿನ್ನಿಗೆ ಚುಚ್ಚಿಡಬೇಕು. ಬೇರೆ ಡಬ್ಬಿಯಲ್ಲಿಟ್ಟರೆ ಯಾವುದು ಯಾರದ್ದು ಎಂದು ಆಮೇಲೆ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಮುಂದಿನದು ಹಳೆಯ ಪುಸ್ತಕಗಳ ಪಾಳಿ. ಬ್ರಿಟಿಷ್ ಇಂಡಿಯಾದ ಪ್ರಾಣಿಗಳ ಮಾಲೆಯಲ್ಲಿ ಗಿಲ್ಬರ್ಟ್ ಆರೋ ಬರೆದ 1931ರ ಸಂಪುಟವೇ ಇವತ್ತಿಗೂ ನಮಗೆ ಮೊದಲ ಮೆಟ್ಟಿಲು. ಅದಕ್ಕೂ ಹಿಂದಿನ ವಿವರಣೆಗಳಲ್ಲಿ ಕೆಲವು ಲ್ಯಾಟಿನ್‌ನಲ್ಲಿ, ನಾಲ್ಕೈದು ಸಾಲು: ‘ಕಪ್ಪು, ಹೊಳಪು, ಗುಳಿಗಳುಳ್ಳದ್ದು.’ ಈ ಲಕ್ಷಣ ಇಲ್ಲದ ಹುಳು ಹುಡುಕುವುದೇ ಕಷ್ಟ! ಆದ್ದರಿಂದ ಮೂಲ ಮಾದರಿಯನ್ನೇ, ಅಂದರೆ ಮೊದಲು ಹೆಸರಿಟ್ಟವರು ಆಧಾರವಾಗಿಟ್ಟುಕೊಂಡ ಹುಳುವನ್ನೇ, ನೋಡಬೇಕು. ಕಾರವಾರದ ಕಡೆ ಬ್ರಿಟಿಷರ ಕಾಲದ ಅರಣ್ಯಾಧಿಕಾರಿ ಟಿ. ಆರ್. ಬೆಲ್ ಹಿಡಿದಂಥ ಎಷ್ಟೋ ಹುಳುಗಳು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿವೆ. ಪುಸ್ತಕದ ನಾಲ್ಕು ಸಾಲಿಗಿಂತ ಆ ಒಂದು ಹುಳುವಿನ ಒಳ್ಳೆಯ ಫೋಟೊ ಮೇಲು. ಬೇರೊಂದು ವಿದೇಶಿ ಸಂಗ್ರಹದವರಿಗೆ ಬರೆದ ಪತ್ರಕ್ಕೆ ಉತ್ತರ ಬರುವ ಹೊತ್ತಿಗೆ ಇಲ್ಲಿ ಮಳೆಗಾಲವೇ ಮುಗಿದಿತ್ತು. ಡಿಎನ್‌ಎಯ ಒಂದು ತುಣುಕು ಓದಿ ಪ್ರಭೇದ ಗುರುತಿಸುವ ಬಾರ್‌ಕೋಡ್ ಮಾಡಿಸಿದರೆ ಸಾಲದೇ ಎಂದು ಹುಡುಗರು ಕೇಳುತ್ತಾರೆ. ಮಾಡಿಸಲಿ. ಆದರೆ ನೂರು ವರ್ಷದ ಮಾದರಿಯ ಡಿಎನ್‌ಎ ಹೋಲಿಸಲು ಸಿಗದಿದ್ದರೆ, ಹೆಸರಿನ ಪ್ರಶ್ನೆ ಅಲ್ಲೇ ಉಳಿಯುತ್ತದೆ.

ವಿವರಣೆ ಬರೆಯುವಾಗ ತಲೆಯಿಂದ ಬಾಲದ ಕಡೆಗೆ ಹೋಗುತ್ತೇನೆ. ಬಣ್ಣಕ್ಕಿಂತ ಅಳತೆಗೆ ಬೆಲೆ: ಬೆನ್ನಿನ ಗುಳಿಗಳ ನಡುವಿನ ಅಂತರ ಗುಳಿಯ ಅಗಲಕ್ಕಿಂತ ಹೆಚ್ಚೋ ಕಡಿಮೆಯೋ, ಕೂದಲು ಗುಳಿಯಿಂದ ಎದ್ದಿದೆಯೋ ಇಲ್ಲವೋ. ಅದಕ್ಕೂ ಮೊದಲು, ಹತ್ತಿರದ ಪ್ರಭೇದಗಳಿಂದ ಇದು ಎಲ್ಲಿ ಬೇರೆ ಎಂಬ ಒಂದು ಪ್ಯಾರಾ. ಓದುವವರು ನಿಜವಾಗಿ ಓದುವುದು ಅದನ್ನೇ. ಒಂದು ಹುಳುವನ್ನು ಆರಿಸಿ ಹೋಲೋಟೈಪ್, ಅಂದರೆ ಈ ಹೆಸರಿಗೆ ಆಧಾರವಾದ ಮಾದರಿ, ಎಂದು ಕೆಂಪು ಚೀಟಿ ಹಾಕುತ್ತೇನೆ. 1999ರ ನಂತರದ ಹೆಸರುಗಳಿಗೆ ಮಾದರಿ ಗೊತ್ತುಮಾಡದಿದ್ದರೆ ಪ್ರಾಣಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹೆಸರೇ ಊರ್ಜಿತವಲ್ಲ. ಪತ್ರಿಕೆ ಆನ್‌ಲೈನ್ ಮಾತ್ರವಾದರೆ ಪ್ರಾಣಿಗಳ ಹೆಸರುಗಳ ದಾಖಲೆಯಾದ ಜೂಬ್ಯಾಂಕ್‌ನಲ್ಲಿ ನೋಂದಣಿಯೂ ಬೇಕು. ನಮ್ಮಲ್ಲಂತೂ 2002ರ ಜೀವವೈವಿಧ್ಯ ಕಾಯ್ದೆಯಂತೆ, ಸರ್ಕಾರ ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿ ಒಪ್ಪಿಸಬೇಕು.

ಹೆಸರಿಡುವಾಗ ಸಿನಿಮಾ ನಟರ ಗೊಡವೆ ನನಗೆ ಬೇಡ; ಊರಿನದೋ ಲಕ್ಷಣದ್ದೋ ಸಾಕು. ಒಂಥೋಫೇಗಸ್ ಪುಲ್ಲಿಂಗ, ಆದ್ದರಿಂದ ಅದರ ಜೊತೆಗೆ ಬರುವ ಪ್ರಭೇದದ ಹೆಸರು ವಿಶೇಷಣವಾದರೆ ಅದೂ ಪುಲ್ಲಿಂಗ. ಸಲೀಸಾಗಿ ಹೊಳೆಯುವ ಲ್ಯಾಟಿನ್ ಹೆಸರುಗಳನ್ನು ಹಿಂದಿನವರು ಆಗಲೇ ಖರ್ಚು ಮಾಡಿಬಿಟ್ಟಿದ್ದಾರೆ.

ಹೊಸ ಕುಲ ಅನ್ನುವುದಕ್ಕೆ ನಾನು ಇನ್ನೂ ಜಿಪುಣ. ಒಂದು ವಿಚಿತ್ರ ಲಕ್ಷಣ ಕಂಡಿತೆಂದು ಕುಲ ಕಟ್ಟಿದರೆ, ಉಳಿದ ಗುಂಪು ಹರಿದುಹೋಗುವುದಿಲ್ಲವೇ ಎಂದು ವಂಶವೃಕ್ಷ ಮಾಡಿ ನೋಡಬೇಕು. ಕೀಟತಜ್ಞ ಬಲ್ತಾಸರ್ 1959ರಲ್ಲಿ ಹೆಸರಿಟ್ಟ ಡಿಜಿಟಾಂಥೋಫೇಗಸ್ ಬಹುಕಾಲ ಒಂಥೋಫೇಗಸ್‌ನ ಉಪಕುಲವಾಗಿದ್ದು, ಆಮೇಲಷ್ಟೇ ಕುಲದ ಮಟ್ಟಕ್ಕೆ ಏರಿತು. ನನ್ನ ಪೆಟ್ಟಿಗೆಯಲ್ಲೂ ಎಲ್ಲೂ ಹೊಂದದ ಒಂದು ಹುಳುವಿದೆ. ಹೆಣ್ಣು, ಅದೂ ಒಂದೇ. ಗಂಡು ಸಿಗುವ ತನಕ ಅದರ ಮೇಲೆ ಬರೆಯುವ ಯೋಚನೆಯಿಲ್ಲ.